ಎರಡನೇ ಬಾರಿಯ ಡೆಂಗಿ: ದೇಹದ ನೆನಪು ಕಾಯುವುದೂ ಉಂಟು, ಕಾಡುವುದೂ ಉಂಟು

ಮುಂಗಾರು ಹಿಡಿದು ಕೆಲವು ವಾರ ಕಳೆಯುವಷ್ಟರಲ್ಲಿ ಹಾಸನ ಮತ್ತು ಚಿಕ್ಕಮಗಳೂರಿನ ಆಸ್ಪತ್ರೆಗಳಲ್ಲಿ ಜ್ವರದ ರೋಗಿಗಳು ಹೆಚ್ಚುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. 2024ರ ಮಳೆಗಾಲದಲ್ಲಿ ಈ ಎರಡೂ ಜಿಲ್ಲೆಗಳು ರಾಜ್ಯದಲ್ಲಿ ಡೆಂಗಿ ಹೆಚ್ಚಾಗಿ ಕಾಣಿಸಿಕೊಂಡ ಜಿಲ್ಲೆಗಳ ಸಾಲಿನಲ್ಲಿದ್ದವು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಅವಕಾಶ ಕೊಡುವ ಮನೆ, ಅಂಗಡಿ, ಕಟ್ಟಡಗಳ ಮಾಲೀಕರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು. ಗುಂಡಿ ಮುಚ್ಚುವುದು, ಡ್ರಮ್ಮಿಗೆ ಮುಚ್ಚಳ ಹಾಕುವುದು, ಫಾಗಿಂಗ್ ಮಾಡಿಸುವುದು ಎಲ್ಲವೂ ಚರ್ಚೆಯಾದವು. ಆದರೆ ಊರೂರಲ್ಲಿ ಕೇಳಿಬರುವ ಒಂದು ಮಾತಿನ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲಿಲ್ಲ: ‘ನಮಗೆ ಒಂದು ಸಲ ಬಂದು ಹೋಗಿದೆ, ಇನ್ನು ಭಯವಿಲ್ಲ.’

ಈ ಮಾತು ಹುಟ್ಟಿದ್ದು ಅನುಭವದಿಂದಲೇ. ದಡಾರದ ವಿಷಯದಲ್ಲಿ ಅದು ಸರಿ, ಚಿಕುನ್‌ಗುನ್ಯಾದ ವಿಷಯದಲ್ಲಿ ಬಹುಮಟ್ಟಿಗೆ ಸರಿ. ಡೆಂಗಿಯ ವಿಷಯದಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ, ಏಕೆಂದರೆ ಒಮ್ಮೆ ಡೆಂಗಿ ಬಂದು ಹೋದವರೇ ಎರಡನೇ ಸಲ ಹೆಚ್ಚು ಎಚ್ಚರದಿಂದ ಇರಬೇಕಾದವರು. ಒಂದೇ ದೇಹ, ಒಂದೇ ರೋಗನಿರೋಧಕ ವ್ಯವಸ್ಥೆ ಮೂರು ರೋಗಗಳಲ್ಲಿ ಹೀಗೆ ಬೇರೆ ಬೇರೆ ಫಲ ಕೊಡುವುದೇಕೆ ಎಂಬುದು ತಿಳಿಯಬೇಕಾದರೆ, ಮೊದಲ ಸೋಂಕಿನಲ್ಲಿ ಒಳಗೆ ಏನು ನಡೆಯುತ್ತದೆ ಎಂಬಲ್ಲಿಂದ ಹೊರಡಬೇಕು.

ಹಿಂದೆಂದೂ ಕಾಣದ ವೈರಸ್ ಒಂದು ಒಳಗೆ ಬಂದಾಗ ಮೊದಲು ಎಚ್ಚರಗೊಳ್ಳುವುದು ಹುಟ್ಟಿನಿಂದಲೇ ಇರುವ ಸಹಜ ರಕ್ಷಣೆ. ಅದಕ್ಕೆ ಬಂದದ್ದು ಯಾವ ವೈರಸ್ ಎಂಬುದು ಗೊತ್ತಿರುವುದಿಲ್ಲ, ಹೊರಗಿನದು ಎಂಬುದಷ್ಟೇ ಗೊತ್ತಿರುತ್ತದೆ. ಸೋಂಕಿಗೊಳಗಾದ ಕೋಶಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ, ಮ್ಯಾಕ್ರೋಫೇಜ್‌ಗಳು ಸಿಕ್ಕಿದ್ದನ್ನು ನುಂಗುತ್ತವೆ, ಮೈ ಬಿಸಿಯಾಗುತ್ತದೆ. ನಾವು ಕಾಯಿಲೆ ಎಂದು ಅನುಭವಿಸುವ ಜ್ವರ, ಮೈಕೈ ನೋವು, ಸುಸ್ತುಗಳಲ್ಲಿ ಬಹುಪಾಲು ವೈರಸ್ ಮಾಡಿದ ಹಾನಿಯಲ್ಲ, ಈ ಎಚ್ಚರದ ಪರಿಣಾಮ. ಇದೇ ವೇಳೆಗೆ ಡೆಂಡ್ರಿಟಿಕ್ ಕೋಶಗಳು ವೈರಸ್ಸಿನ ತುಣುಕುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಗಂಟಲು ಕೆಟ್ಟಾಗ ಕತ್ತಿನ ಪಕ್ಕದಲ್ಲಿ ಕೈಗೆ ಸಿಗುವ ಗಡ್ಡೆಗಳು ಇವೇ.

ನಿಧಾನದ ಕೆಲಸ ಆರಂಭವಾಗುವುದು ಅಲ್ಲಿ. ದೇಹದಲ್ಲಿ ಬಿ ಕೋಶ, ಟಿ ಕೋಶ ಎಂಬ ಬಿಳಿ ರಕ್ತಕಣಗಳು ಕೋಟ್ಯಂತರ ಇವೆ. ಪ್ರತಿಯೊಂದರ ಮೇಲಿರುವ ಗ್ರಾಹಕದ, ಅಂದರೆ ಹೊರಗಿನದನ್ನು ಹಿಡಿಯುವ ಕೊಂಡಿಯ ಆಕಾರ ಬೇರೆ. ಈ ವೈವಿಧ್ಯ ರೋಗವನ್ನು ನೋಡಿ ಕಲಿತದ್ದಲ್ಲ, ಜೀನ್‌ಗಳ ತುಣುಕುಗಳನ್ನು ಕಲಸಿ ಜೋಡಿಸುವ ಕ್ರಿಯೆಯಿಂದ ಮೊದಲೇ ಹುಟ್ಟಿಕೊಂಡದ್ದು. ಹೊಸ ವೈರಸ್ಸಿಗೆ ಹೊಂದುವ ಆಕಾರದ ಕೋಶ ಲಕ್ಷಾಂತರ ಕೋಶಗಳ ನಡುವೆ ಎಲ್ಲೋ ಒಂದಿರುತ್ತದೆ. ಅದು ತುಣುಕನ್ನು ಸಂಧಿಸಬೇಕು, ಟಿ ಕೋಶದ ಒಪ್ಪಿಗೆ ಪಡೆಯಬೇಕು, ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಆಗಬೇಕು. ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯಲು ಬಿ ಕೋಶಗಳಿಂದ ಹುಟ್ಟುವ ಪ್ರೋಟೀನುಗಳೇ ಪ್ರತಿಕಾಯಗಳು. ಹಾಗಾಗಿ ಮೊದಲ ಸೋಂಕಿನಲ್ಲಿ ಐಜಿಎಂ ಎಂಬ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ನಾಲ್ಕೈದು ದಿನ ಬೇಕು. ಹೆಚ್ಚು ಪಕ್ವವಾದ ಐಜಿಜಿ ಬರಲು ವಾರ ದಾಟಬೇಕು. ಈ ನಡುವೆ ದುಗ್ಧಗ್ರಂಥಿಯ ಒಳಗೆ ಒಂದು ತಿದ್ದುಪಡಿಯೂ ನಡೆಯುತ್ತಿರುತ್ತದೆ. ಬಿ ಕೋಶಗಳು ತಮ್ಮ ಪ್ರತಿಕಾಯದ ಜೀನ್‌ಗಳಲ್ಲಿ ಸಣ್ಣ ಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ಬದಲಾವಣೆಯಿಂದ ವೈರಸ್ಸನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬಲ್ಲವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಸೋಂಕು ವಾಸಿಯಾದ ಮೇಲೆ ಈ ದಂಡಿನ ಬಹುಪಾಲು ಕರಗಿಹೋದರೂ ಎರಡು ಬಗೆಯ ಕೋಶಗಳು ಉಳಿದುಕೊಳ್ಳುತ್ತವೆ: ಅಸ್ಥಿಮಜ್ಜೆಯಲ್ಲಿ ನೆಲೆಸಿ ವರ್ಷಗಟ್ಟಲೆ ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳು ಮತ್ತು ಸುಮ್ಮನೆ ಕಾದಿರುವ ಸ್ಮರಣ ಕೋಶಗಳು.

ಅದೇ ವೈರಸ್ ಮತ್ತೆ ಬಂದರೆ ಹುಡುಕಾಟದ ಆ ಮೊದಲ ದಿನಗಳೇ ಬೇಕಿಲ್ಲ. ಉಳಿದಿರುವ ಪ್ರತಿಕಾಯಗಳು ದಾರಿಯಲ್ಲೇ ಬಹಳಷ್ಟನ್ನು ತಡೆಯುತ್ತವೆ. ಅವು ಸಾಲದಾದರೆ ಸ್ಮರಣ ಕೋಶಗಳು ಕೆಲವೇ ದಿನಗಳಲ್ಲಿ ಹಿಂದಿಗಿಂತ ಹಲವು ಪಟ್ಟು ಹೆಚ್ಚು ಐಜಿಜಿ ತಯಾರಿಸುತ್ತವೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಕಣ್ಣೆದುರಿನ ಪುರಾವೆ ಇದೆ. ನಾಯಿ ಕಚ್ಚಿದವರು ಮೊದಲ ಬಾರಿ ರೇಬಿಸ್ ಲಸಿಕೆ ತೆಗೆದುಕೊಳ್ಳುವಾಗ ವಾರಗಳ ಕಾಲ ಹಲವು ಡೋಸ್ ಬೇಕು. ಗಾಯ ಆಳವಾಗಿದ್ದರೆ ಸಿದ್ಧ ಪ್ರತಿಕಾಯವಾದ ಇಮ್ಯುನೊಗ್ಲಾಬ್ಯುಲಿನ್ ಅನ್ನೂ ಗಾಯದ ಸುತ್ತ ಕೊಡಬೇಕು. ಹಿಂದೆ ಪೂರ್ತಿ ಲಸಿಕೆ ಪಡೆದವರಿಗೆ ಮತ್ತೆ ಕಚ್ಚಿದರೆ ಆ ದಿನ ಒಂದು, ಮೂರನೇ ದಿನ ಒಂದು, ಅಷ್ಟೇ, ಇಮ್ಯುನೊಗ್ಲಾಬ್ಯುಲಿನ್ ಬೇಕಿಲ್ಲ. ವೈದ್ಯರು ‘ಹಿಂದೆ ಇಂಜೆಕ್ಷನ್ ಆಗಿತ್ತಾ, ಚೀಟಿ ಇದೆಯಾ’ ಎಂದು ಕೇಳುವುದು ಇದಕ್ಕಾಗಿಯೇ. ಆ ಚೀಟಿಯನ್ನು ಜೋಪಾನ ಮಾಡುವವರು ಮಾತ್ರ ವಿರಳ.

ಈ ನೆನಪು ಎಷ್ಟು ಕಾಲ ಬಾಳುತ್ತದೆ? ಹಳೆಯ ಮತ್ತು ಇಂದಿಗೂ ನಂಬಬಹುದಾದ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಿಂದ ಬಂದದ್ದು. ಅಲ್ಲಿ 1781ರಲ್ಲಿ ದಡಾರ ಬಂದಿತ್ತು, ಮತ್ತೆ ಬಂದದ್ದು 1846ರಲ್ಲಿ. ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್, 65 ವರ್ಷಗಳ ಹಿಂದೆ ದಡಾರ ಅನುಭವಿಸಿದ್ದ ವೃದ್ಧರು ಈ ಬಾರಿ ಪಾರಾದುದನ್ನು ದಾಖಲಿಸಿದರು. ನಡುವಿನ ಅಷ್ಟೂ ವರ್ಷ ಆ ವೈರಸ್ ಅಲ್ಲಿ ಇರಲಿಲ್ಲವಾದ್ದರಿಂದ ಅವರ ನೆನಪನ್ನು ನವೀಕರಿಸುವ ಅವಕಾಶವೂ ಇರಲಿಲ್ಲ. ದಡಾರದ ವೈರಸ್ಸಿನ ಮೇಲ್ಮೈ ಹೆಚ್ಚು ಬದಲಾಗುವುದಿಲ್ಲ, ಅದರ ಬಗೆಯೂ ಒಂದೇ. ಹಾಗಾಗಿ ಒಮ್ಮೆ ಗುರುತು ಹಿಡಿದರೆ ಜೀವನಪೂರ್ತಿ ಸಾಕು. ವಿಚಿತ್ರವೆಂದರೆ ಇದೇ ದಡಾರ ಬೇರೆ ರೋಗಗಳ ನೆನಪನ್ನು ಅಳಿಸಿಹಾಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಲಸಿಕೆ ಇಲ್ಲದೆ ದಡಾರಕ್ಕೆ ತುತ್ತಾದ ಮಕ್ಕಳು ಮೊದಲಿದ್ದ ಪ್ರತಿಕಾಯಗಳ ಬಗೆಗಳಲ್ಲಿ ಶೇ 11ರಿಂದ ಶೇ 73ರಷ್ಟನ್ನು ಕಳೆದುಕೊಂಡಿದ್ದರು. ‘ಬಂದು ಹೋದರೆ ಒಳ್ಳೆಯದು, ಶಕ್ತಿ ಬರುತ್ತದೆ’ ಎನ್ನುವವರಿಗೆ ತೋರಿಸಬೇಕಾದ ಅಂಕಿ ಇದು.

ಚಿಕುನ್‌ಗುನ್ಯಾದ್ದೂ ಹೆಚ್ಚುಕಡಿಮೆ ದಡಾರದ ದಾರಿ. 2006ರಲ್ಲಿ ದೇಶದಲ್ಲಿ ಅದು ಹಬ್ಬಿದಾಗ ಅತಿ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದದ್ದು ಕರ್ನಾಟಕದಿಂದಲೇ, ಏಳೂವರೆ ಲಕ್ಷದಷ್ಟು. ಮಂಡಿ ಹಿಡಿದು, ಗೋಡೆ ಹಿಡಿದು ನಡೆದ ಆ ವರ್ಷವನ್ನು ನಮ್ಮ ಹಳ್ಳಿಗಳ ಹಿರಿಯರು ಇನ್ನೂ ಮರೆತಿಲ್ಲ. ಅವರಿಗೆ ಅದು ಮತ್ತೆ ಬರುವ ಸಾಧ್ಯತೆ ಬಹಳ ಕಡಿಮೆ; ಆಮೇಲೆ ಹುಟ್ಟಿದ ಮಕ್ಕಳ ದೇಹಕ್ಕೆ ಅದರ ಪರಿಚಯವಿಲ್ಲ. ನೆಗಡಿಯ ಕಥೆ ಬೇರೆ: ರೈನೋವೈರಸ್ಸಿನಲ್ಲೇ 150ಕ್ಕೂ ಹೆಚ್ಚು ಬಗೆಗಳಿರುವುದರಿಂದ ಪ್ರತಿ ನೆಗಡಿಯೂ ಹೆಚ್ಚುಕಡಿಮೆ ಮೊದಲ ನೆಗಡಿ. ಇನ್‌ಫ್ಲುಯೆಂಜಾ ವರ್ಷ ವರ್ಷ ವೇಷ ಬದಲಿಸುತ್ತದೆ. ಧನುರ್ವಾಯುವಿನಲ್ಲಂತೂ ರೋಗ ತರಲು ಸಾಕಾಗುವ ನಂಜಿನ ಪ್ರಮಾಣ ಎಷ್ಟು ಕಡಿಮೆ ಎಂದರೆ, ದೇಹ ಅದನ್ನು ಗುರುತಿಸಿ ನೆನಪಿಡುವುದಕ್ಕೂ ಅದು ಸಾಲದು. ಧನುರ್ವಾಯುವಿನಿಂದ ಬದುಕಿ ಬಂದವರಿಗೂ ಲಸಿಕೆ ಬೇಕೇ ಬೇಕು.

ಇನ್ನು ಡೆಂಗಿ. ಈ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ, ಒಂದರಿಂದ ನಾಲ್ಕರವರೆಗೆ ಸಂಖ್ಯೆಯಿಂದಲೇ ಅವನ್ನು ಕರೆಯುತ್ತಾರೆ. ನಾಲ್ಕೂ ಒಂದನ್ನೊಂದು ಬಹಳ ಹೋಲುತ್ತವೆ, ಆದರೆ ಒಂದೇ ಅಲ್ಲ. ಒಂದನೇ ಬಗೆಯ ಸೋಂಕು ಬಂದವರಿಗೆ ಅದೇ ಬಗೆಯ ವಿರುದ್ಧ ದೀರ್ಘಕಾಲದ, ಬಹುಶಃ ಆಜೀವ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧವೂ ಕೆಲಕಾಲ ರಕ್ಷಣೆ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ಸೇಬಿನ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅದು ಕೆಲವೇ ತಿಂಗಳಲ್ಲಿ ಕರಗಿತ್ತು. ತೊಡಕು ಕಾಣಿಸುವುದು ಅದು ಕರಗಿದ ಮೇಲೆ. ಆಗ ರಕ್ತದಲ್ಲಿ ಉಳಿದಿರುವ ಹಳೆಯ ಪ್ರತಿಕಾಯಗಳು ಎರಡನೇ ಬಗೆಯ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ನಿಷ್ಕ್ರಿಯಗೊಳಿಸುವಷ್ಟು ಬಿಗಿಯಾಗಿ ಅಲ್ಲ. ಪ್ರತಿಕಾಯದ ಬಾಲವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಮಾನೋಸೈಟ್ ಎಂಬ ಬಿಳಿ ರಕ್ತಕಣಗಳ ಮತ್ತು ಮ್ಯಾಕ್ರೋಫೇಜ್‌ಗಳ ಮೇಲಿರುತ್ತವೆ, ಮತ್ತು ಡೆಂಗಿ ವೈರಸ್ ಬೆಳೆಯಲು ಬಯಸುವುದೂ ಅದೇ ಕೋಶಗಳಲ್ಲಿ. ಎಸ್ಟೇಟಿನ ಗೇಟಿನಲ್ಲಿ ಕಾವಲುಗಾರ ಕಳ್ಳನ ರಟ್ಟೆ ಹಿಡಿದು, ಕೈ ಮಾತ್ರ ಕಟ್ಟದೆ, ನೇರ ಬಂಗಲೆಯ ಒಳಕ್ಕೇ ಕರೆತಂದಂತೆ ಆಗುತ್ತದೆ ಇದು. ಸೋಂಕಿಗೊಳಗಾಗುವ ಕೋಶಗಳ ಸಂಖ್ಯೆ ಏರುತ್ತದೆ, ರಕ್ತದಲ್ಲಿ ವೈರಸ್ ಏರುತ್ತದೆ, ಅದಕ್ಕೆ ತಕ್ಕಂತೆ ಉರಿಯೂತದ ರಾಸಾಯನಿಕಗಳೂ ಏರುತ್ತವೆ. ಹಳೆಯ ಬಗೆಗೆ ಪಳಗಿದ ಟಿ ಕೋಶಗಳು ಹೊಸ ಬಗೆಯ ವಿರುದ್ಧ ಅರೆಬರೆ ಕೆಲಸ ಮಾಡಿ ಈ ಗಲಾಟೆಗೆ ಕೈಗೂಡಿಸುತ್ತವೆ ಎಂಬ ವಾದವೂ ಇದೆ.

1960ರ ದಶಕದಲ್ಲಿ ಬ್ಯಾಂಕಾಕ್‌ನ ಮಕ್ಕಳನ್ನು ಗಮನಿಸಿ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಈ ವಿವರಣೆಯ ದಾರಿ ಹಿಡಿದಾಗ ನಂಬದವರೇ ಹೆಚ್ಚು. ಬಲವಾದ ಸಾಕ್ಷ್ಯ ಒದಗಿಸಿದ್ದು ಕ್ಯೂಬಾ. ಅಲ್ಲಿ 1977ರಲ್ಲಿ ಒಂದನೇ ಬಗೆಯ ಡೆಂಗಿ ದೊಡ್ಡ ಸದ್ದಿಲ್ಲದೆ ಹಬ್ಬಿತ್ತು. 1981ರಲ್ಲಿ ಎರಡನೇ ಬಗೆ ಬಂದಾಗ ಹತ್ತು ಸಾವಿರಕ್ಕೂ ಹೆಚ್ಚು ಜನ ತೀವ್ರ ಸ್ಥಿತಿ ತಲುಪಿ 158 ಮಂದಿ ತೀರಿಕೊಂಡರು. ತೀವ್ರಗೊಂಡವರಲ್ಲಿ ಬಹುತೇಕರು ಮೊದಲ ಅಲೆಯನ್ನು ಕಂಡವರೇ. ಇನ್ನೊಂದು ಸಾಕ್ಷ್ಯ ಹಸುಗೂಸುಗಳದು. ಡೆಂಗಿ ಬಂದು ಹೋದ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ದಾಟುತ್ತವೆ. ಮೊದಲ ಕೆಲವು ತಿಂಗಳು ಅವು ಮಗುವನ್ನು ಕಾಯುತ್ತವೆ. ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಇಳಿದು ಅಪಾಯಕಾರಿ ಮಟ್ಟಕ್ಕೆ ಬಂದಾಗ, ಮಗುವಿನ ಮೊದಲ ಡೆಂಗಿಯೇ ಎರಡನೆಯದರಂತೆ ವರ್ತಿಸಬಹುದು. ಅಂದರೆ ಕೇಡು ಪ್ರತಿಕಾಯ ಇರುವುದರಲ್ಲಿಲ್ಲ, ಅದರ ಪ್ರಮಾಣದಲ್ಲಿದೆ. ನಿಕರಾಗುವಾದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು: ಪ್ರತಿಕಾಯ ಹೆಚ್ಚಿದ್ದವರೂ ಸುರಕ್ಷಿತರು, ಇಲ್ಲದವರಿಗೂ ಅಪಾಯ ಕಡಿಮೆ; ಮಧ್ಯದ ಕಿರಿದಾದ ಪಟ್ಟಿಯಲ್ಲಿದ್ದವರಿಗೇ ತೀವ್ರ ರೋಗದ ಸಂಭವ ಹೆಚ್ಚು.

ಇಷ್ಟು ಓದಿ ಗಾಬರಿಯಾಗಬೇಕಿಲ್ಲ. ಎರಡನೇ ಬಾರಿ ಬಂದವರಲ್ಲೂ ಹೆಚ್ಚಿನವರು ಸಾಮಾನ್ಯ ಜ್ವರದಂತೆ ಕಳೆದು ಎದ್ದು ಬರುತ್ತಾರೆ; ಮೂರನೆಯದು, ನಾಲ್ಕನೆಯದು ಬಹುತೇಕ ಸೌಮ್ಯ. ಹಾಗೆಯೇ ಮೊದಲ ಬಾರಿಯೂ ಕೆಲವರಿಗೆ ತೀವ್ರವಾಗುವುದುಂಟು.

ಲ್ಯಾಬಿನ ಚೀಟಿ ನೋಡಿದರೆ ಈ ವಿಜ್ಞಾನವೆಲ್ಲ ಅಲ್ಲಿ ಮೂರು ಸಾಲಿನಲ್ಲಿರುತ್ತದೆ: ಎನ್‌ಎಸ್1, ಐಜಿಎಂ, ಐಜಿಜಿ. ಎನ್‌ಎಸ್1 ವೈರಸ್ಸಿನದೇ ಪ್ರೋಟೀನು, ಜ್ವರದ ಮೊದಲ ದಿನಗಳಲ್ಲೇ ಸಿಗುತ್ತದೆ. ಉಳಿದೆರಡು ದೇಹದ ಉತ್ತರ. ಜ್ವರ ಬಂದು ಮೂರನೇ ದಿನ, ಎನ್‌ಎಸ್1 ಪಾಸಿಟಿವ್, ಐಜಿಎಂ ಮತ್ತು ಐಜಿಜಿ ಎರಡೂ ನೆಗೆಟಿವ್ ಎಂದಿದ್ದರೆ ಅದು ಮೊದಲ ಸೋಂಕು ಇರುವ ಸಾಧ್ಯತೆ ಹೆಚ್ಚು. ಅದೇ ಮೂರನೇ ದಿನ ಐಜಿಜಿ ಮೇಲ್ಮಟ್ಟದಲ್ಲಿ ಪಾಸಿಟಿವ್ ಆಗಿ, ಐಜಿಎಂ ಮಂದವಾಗಿಯೋ ನೆಗೆಟಿವ್ ಆಗಿಯೋ ಇದ್ದರೆ, ದೇಹ ಹಳೆಯ ನೆನಪಿನಿಂದ ಉತ್ತರ ಕೊಡುತ್ತಿದೆ ಎಂದು ಅನುಮಾನಿಸಬೇಕು. ಎರಡನೇ ಸೋಂಕಿನಲ್ಲಿ ಎನ್‌ಎಸ್1 ಬೇಗ ಮರೆಯಾಗುವುದೂ ಉಂಟು. ಆದ್ದರಿಂದ ‘ಐಜಿಜಿ ಒಂದೇ ಪಾಸಿಟಿವ್, ಅಂದರೆ ಹಳೇದು, ಏನೂ ಇಲ್ಲ’ ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುವುದು, ಜ್ವರ ಇನ್ನೂ ಇರುವಾಗ, ಸರಿಯಾದ ತೀರ್ಮಾನವಲ್ಲ. ಅದನ್ನು ಓದಬೇಕಾದವರು ವೈದ್ಯರು, ಜ್ವರದ ಎಷ್ಟನೇ ದಿನ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು.

ನಮ್ಮ ಜನರ ಕಣ್ಣು ಮಾತ್ರ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೇ. ‘ಎಷ್ಟಾಯ್ತು, ಐವತ್ತಾ, ನಲವತ್ತಾ’ ಎಂದು ವಾರ್ಡಿನ ಹೊರಗೆ ದಿನವಿಡೀ ವಿಚಾರಣೆ, ಪಪ್ಪಾಯಿ ಎಲೆಯ ರಸಕ್ಕೆ ಓಡಾಟ. ಆದರೆ ತೀವ್ರ ಡೆಂಗಿಯಲ್ಲಿ ಹೆಚ್ಚಾಗಿ ಪ್ರಾಣ ತೆಗೆಯುವುದು ಪ್ಲೇಟ್‌ಲೆಟ್ ಇಳಿಕೆಯಲ್ಲ, ಪ್ಲಾಸ್ಮಾ ಸೋರಿಕೆ. ಉರಿಯೂತದ ರಾಸಾಯನಿಕಗಳಿಂದ ಸೂಕ್ಷ್ಮ ರಕ್ತನಾಳಗಳ ಒಳಪದರ ಸಡಿಲವಾಗಿ, ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂಡಿಗೂ ಜಿನುಗುತ್ತದೆ. ರಕ್ತ ದಪ್ಪಗಾಗುವುದರಿಂದ ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, ಏರುತ್ತದೆ. 36 ಇದ್ದದ್ದು 43–44 ಆದರೆ ಅದು ಐದನೇ ಒಂದು ಭಾಗದ ಏರಿಕೆ, ಅಪಾಯದ ಗಂಟೆ. ಚೀಟಿಯಲ್ಲಿ ಪ್ಲೇಟ್‌ಲೆಟ್ ಸಾಲಿನ ಹತ್ತಿರದಲ್ಲೇ ಇರುವ ಆ ಸಾಲನ್ನು ಯಾರೂ ಕೇಳುವುದಿಲ್ಲ.

ಇನ್ನೂ ಮೋಸಗೊಳಿಸುವ ಸಂಗತಿ ಸಮಯದ್ದು. ಈ ಸೋರಿಕೆ ಆರಂಭವಾಗುವುದು ಜ್ವರದ ಮೂರರಿಂದ ಏಳನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. ವೈರಸ್ ಕಡಿಮೆಯಾಗುತ್ತಿರುತ್ತದೆ, ಮೈ ತಣ್ಣಗಾಗುತ್ತದೆ, ಮನೆಯವರು ನಿಟ್ಟುಸಿರು ಬಿಟ್ಟು ಊರಿಗೆ ಹೊರಡಲು ಸಿದ್ಧರಾಗುತ್ತಾರೆ. ದೇಹದ ಪ್ರತಿಕ್ರಿಯೆಯಾದರೋ ಆಗ ತುತ್ತತುದಿಯಲ್ಲಿರುತ್ತದೆ. ಜ್ವರ ಬಿಟ್ಟ ಮೇಲೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಕಂಡರೆ ಮೂಡಿಗೆರೆಯಿಂದಾಗಲಿ ಸಕಲೇಶಪುರದಿಂದಾಗಲಿ ಆಸ್ಪತ್ರೆಗೆ ಹೊರಡಲು ಬೆಳಗಾಗುವವರೆಗೆ ಕಾಯಬಾರದು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿಯ ಶಂಕೆ ಇದ್ದಾಗ ಪ್ಯಾರಾಸಿಟಮಾಲ್ ಒಂದೇ, ಅದೂ ಹೇಳಿದ ಪ್ರಮಾಣದಲ್ಲಿ.

‘ನನಗೆ ಡೆಂಗಿ ಬಂದೇ ಇಲ್ಲ, ಹಾಗಾಗಿ ಇದು ಮೊದಲನೆಯದು’ ಎನ್ನುವವರ ಲೆಕ್ಕವೂ ಸರಿಯಿರಬೇಕೆಂದಿಲ್ಲ. ಡೆಂಗಿ ಸೋಂಕಾದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕಾಯಿಲೆಯ ಲಕ್ಷಣ ಕಾಣುತ್ತದೆ. 2017–18ರಲ್ಲಿ ದೇಶದಾದ್ಯಂತ 5ರಿಂದ 45 ವರ್ಷದವರ ರಕ್ತ ಪರೀಕ್ಷಿಸಿದ ಸಮೀಕ್ಷೆಯಲ್ಲಿ ಶೇ 48.7 ಮಂದಿಯಲ್ಲಿ ಹಿಂದಿನ ಡೆಂಗಿಯ ಗುರುತು ಸಿಕ್ಕಿತು. ದಕ್ಷಿಣ ಭಾರತದಲ್ಲಿ ಆ ಪ್ರಮಾಣ ಶೇ 76.9. ಅವರಲ್ಲಿ ಬಹುಪಾಲು ಜನ ತಮಗೆ ಡೆಂಗಿ ಬಂದಿತ್ತೆಂದು ಎಲ್ಲಿಯೂ ಬರೆಸಿರಲಿಕ್ಕಿಲ್ಲ.

ಮೊದಲನೆಯದೋ ಎರಡನೆಯದೋ ಎಂಬ ಈ ಪ್ರಶ್ನೆ ಲಸಿಕೆಯನ್ನೂ ಬಿಟ್ಟಿಲ್ಲ. ಫಿಲಿಪ್ಪೀನ್ಸ್ 2016ರಲ್ಲಿ ಸನೋಫಿ ಕಂಪನಿಯ ಡೆಂಗ್ವಾಕ್ಸಿಯಾ ಲಸಿಕೆಯನ್ನು ಶಾಲಾ ಮಕ್ಕಳಿಗೆ ಕೊಡಲು ಆರಂಭಿಸಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿತು. ಹಿಂದೆ ಡೆಂಗಿ ಬಾರದಿದ್ದ ಮಕ್ಕಳಲ್ಲಿ ಲಸಿಕೆಯ ನಂತರ ಬರುವ ಡೆಂಗಿ ಹೆಚ್ಚು ತೀವ್ರವಾಗಬಹುದೆಂದು 2017ರ ನವೆಂಬರಿನಲ್ಲಿ ಕಂಪನಿಯೇ ಒಪ್ಪಿಕೊಂಡಾಗ ಕಾರ್ಯಕ್ರಮ ನಿಂತಿತು. ಲಸಿಕೆ ಆ ಮಕ್ಕಳ ದೇಹದಲ್ಲಿ ಸದ್ದಿಲ್ಲದ ಮೊದಲ ಸೋಂಕಿನ ಪಾತ್ರ ವಹಿಸಿತ್ತು. ಇಂದು ಡೆಂಗಿ ಲಸಿಕೆಯ ಪ್ರಯೋಗಗಳು ನಿಧಾನವಾಗಿ, ವರ್ಷಗಟ್ಟಲೆ ಕಾದು ನಡೆಯುವುದಕ್ಕೆ ಇದು ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಪನೇಸಿಯಾ ಬಯೋಟೆಕ್ ಕಂಪನಿ ಒಟ್ಟಾಗಿ ನಾಲ್ಕೂ ಬಗೆಗಳ ವಿರುದ್ಧದ ಒಂದೇ ಡೋಸ್‌ನ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು 2024ರ ಆಗಸ್ಟ್‌ನಲ್ಲಿ ಆರಂಭಿಸಿದವು. ಲಸಿಕೆ ಎಷ್ಟು ಪ್ರತಿಕಾಯ ಹುಟ್ಟಿಸಿತು ಎಂಬುದಷ್ಟೇ ಅಲ್ಲ, ನಾಲ್ಕಕ್ಕೂ ಸಮವಾಗಿ ಹುಟ್ಟಿಸಿತೇ, ಅವು ಇಳಿಯುತ್ತಾ ಬಂದಾಗ ಏನಾಗುತ್ತದೆ ಎಂಬುದಕ್ಕೆ ಉತ್ತರ ಬೇಕು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗದವರಿಗೆ ಲಸಿಕೆಯ ನೆನಪು ಇಳಿಯುವುದೆಂದರೆ ಏನೆಂದು ಬೇರೆ ರೀತಿಯಲ್ಲಿ ಗೊತ್ತು. ಡೆಂಗಿಯ ಕುಟುಂಬಕ್ಕೇ ಸೇರಿದ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಅಲ್ಲಿ ರಕ್ತ ಹೀರುವ ಹುಳುವಾದ ಉಣ್ಣೆಯ ಮೂಲಕ ಹರಡುತ್ತದೆ. ಇಲ್ಲಿ ನೆನಪು ದಾರಿ ತಪ್ಪಿದ್ದಲ್ಲ, ಗಟ್ಟಿಯಾಗಲೇ ಇಲ್ಲ. ಕೊಂದ ವೈರಸ್ಸಿನಿಂದ ಮಾಡಿದ ಹಳೆಯ ಲಸಿಕೆಗೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್ ಬೇಕಿತ್ತು. ಕೊಂದ ವೈರಸ್ ದೇಹದಲ್ಲಿ ಬೆಳೆಯುವುದಿಲ್ಲ. ಹಾಗಾಗಿ ದುಗ್ಧಗ್ರಂಥಿಯ ಆ ತಿದ್ದುಪಡಿಯ ಕೆಲಸಕ್ಕೆ ಸಾಕಷ್ಟು ಸಮಯವೂ ಸರಕೂ ಸಿಗುವುದಿಲ್ಲ. 2005ರಿಂದ 2010ರವರೆಗಿನ ಮಾಹಿತಿಯ ವಿಶ್ಲೇಷಣೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ 62.4, ಬೂಸ್ಟರನ್ನೂ ಪಡೆದವರಿಗೆ ಶೇ 82.9 ರಕ್ಷಣೆ ಸಿಕ್ಕಿತ್ತು. ಆದರೆ ನೋವಿನ ಇಂಜೆಕ್ಷನ್ನಿಗೆ ಮತ್ತೆ ಮತ್ತೆ ಬರುವವರು ಕಡಿಮೆಯಾದರು, ಪರಿಣಾಮದ ಬಗ್ಗೆ ಪ್ರಶ್ನೆಗಳು ಹೆಚ್ಚಾದವು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಇಂಜೆಕ್ಷನ್ ಬಿಟ್ಟವರನ್ನು ದೂರುವುದು ನನಗೆ ನ್ಯಾಯವೆನಿಸುವುದಿಲ್ಲ. ಅಷ್ಟು ಬೂಸ್ಟರ್ ಕೇಳುವ ಲಸಿಕೆಯನ್ನು ದಶಕಗಳ ಕಾಲ ಬದಲಿಸದೆ ಉಳಿಸಿಕೊಂಡದ್ದು ವ್ಯವಸ್ಥೆಯ ಉದಾಸೀನ.

ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಈಗ ಸೇರಿ ರೂಪಿಸುತ್ತಿರುವ ಎರಡು ಡೋಸ್‌ನ ಹೊಸ ಲಸಿಕೆಯೂ ನಿಷ್ಕ್ರಿಯ ವೈರಸ್ಸಿನದೇ. ಆದರೆ ಅದರ ಜೊತೆಗೆ ಸಹಜ ರಕ್ಷಣೆಯನ್ನು ಕೆಣಕಿ ಎಚ್ಚರಿಸುವ ಪೂರಕ ವಸ್ತುವೊಂದನ್ನು ಸೇರಿಸಲಾಗುತ್ತದೆ; ಮೊದಲ ಎಚ್ಚರ ಜೋರಾಗಿದ್ದಷ್ಟೂ ಸ್ಮರಣ ಕೋಶಗಳು ಹೆಚ್ಚು ಉಳಿಯುತ್ತವೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಆ ಲೆಕ್ಕ ಸರಿಯೇ ಎಂಬುದು ಎರಡನೇ ಡೋಸ್ ಆದ ತಿಂಗಳಿನ ರಕ್ತಪರೀಕ್ಷೆಯಲ್ಲಿ ತಿಳಿಯುವಂಥದ್ದಲ್ಲ. ಡಿಸೆಂಬರಿನಿಂದ ಮೇವರೆಗಿನ ಉಣ್ಣೆಯ ಕಾಲ ಹಲವು ಬಾರಿ ಬಂದು ಹೋಗಬೇಕು. ಅಲ್ಲಿಯವರೆಗೆ ದರಗಿಗೆ, ಸೊಪ್ಪಿಗೆ ಕಾಡಿಗೆ ಹೋಗುವವರ ಪಾಲಿಗೆ ಉಳಿದಿರುವುದು ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ, ಮೈ ತುಂಬ ಬಟ್ಟೆ ಮತ್ತು ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ.